10 ನಿಮಿಷ, 140 ಸ್ನ್ಯಾಚ್, ನಾಲ್ಕು ದಾರಿ: ಟೈಮರ್ ಇಟ್ಟು ಕೆಟಲ್‌ಬೆಲ್ ಎತ್ತುವವರು ಯಾವುದನ್ನು ಆರಿಸಬೇಕು?

ಕೆಟಲ್‌ಬೆಲ್ (ಹಿಡಿಕೆ ಇರುವ ಕಬ್ಬಿಣದ ಗುಂಡು) ಹಿಡಿದು ಮೂರ್ನಾಲ್ಕು ತಿಂಗಳಾದವರು ಬಹುತೇಕ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾರೆ. ಸ್ವಿಂಗ್ (ಬೆಲ್ಲನ್ನು ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ತೂಗುವುದು) ಮೈಗೂಡಿದೆ. ಕ್ಲೀನ್ (ಬೆಲ್ಲನ್ನು ಎದೆಯ ಮುಂದಕ್ಕೆ ತಂದು ಹಿಡಿಯುವುದು) ಮಾಡುವಾಗ ಮುಂಗೈಗೆ ಏಟು ಬೀಳುವುದು ನಿಂತಿದೆ. ಸ್ನ್ಯಾಚ್ (ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು) ಕೂಡ ತಕ್ಕಮಟ್ಟಿಗೆ ಬರುತ್ತದೆ. ಆದರೆ ಐದು ಸೆಟ್, ಹತ್ತು ಹತ್ತು ರೆಪ್ ಎಂದು ಎಣಿಸಿ ಎಣಿಸಿ ಬೇಸರ ಬಂದಿದೆ, ದಮ್ಮು ಮಾತ್ರ ಹೆಚ್ಚಿದಂತೆ ಕಾಣುತ್ತಿಲ್ಲ. ರೆಪ್ ಎಣಿಸುವುದು ಬಿಡು, ಟೈಮರ್ ಇಡು ಎಂದು ಯಾರೋ ಹೇಳುತ್ತಾರೆ. ಸರಿ, ಇಟ್ಟು? ಒಬ್ಬರು ಹತ್ತು ನಿಮಿಷ ಕೆಳಗಿಡದೆ ಎತ್ತು ಎನ್ನುತ್ತಾರೆ, ಇನ್ನೊಬ್ಬರು ನಿಮಿಷಕ್ಕೊಂದು ಸೆಟ್ ಎನ್ನುತ್ತಾರೆ, ಮತ್ತೊಬ್ಬರು ಹದಿನೈದು ಸೆಕೆಂಡ್ ಕೆಲಸ, ಹದಿನೈದು ಸೆಕೆಂಡ್ ಬಿಡುವು ಎನ್ನುತ್ತಾರೆ. ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಇದೇ: ಇವುಗಳಲ್ಲಿ ಯಾವುದು?

ಮೊದಲು ಒಂದು ಲೆಕ್ಕ ನೋಡೋಣ. 16 ಕೆಜಿ ಬೆಲ್, 10 ನಿಮಿಷ, ಒಟ್ಟು 140 ಸ್ನ್ಯಾಚ್. ಇದನ್ನು ನಾಲ್ಕು ರೀತಿಯಲ್ಲಿ ಮುಗಿಸಬಹುದು. ಬೆಲ್ ಕೆಳಗಿಡದೆ, ನಿಮಿಷಕ್ಕೆ 14ರ ಒಂದೇ ಗತಿಯಲ್ಲಿ ಎಳೆಯುವುದು ಒಂದು. ಪ್ರತಿ ನಿಮಿಷದ ಆರಂಭಕ್ಕೆ 14 ರೆಪ್ ಚಕಚಕನೆ ಮುಗಿಸಿ, ಉಳಿದ ಅರ್ಧ ನಿಮಿಷ ಸುಮ್ಮನೆ ನಿಲ್ಲುವುದು ಎರಡನೆಯದು. 15 ಸೆಕೆಂಡಿಗೆ 7 ರೆಪ್, 15 ಸೆಕೆಂಡ್ ಬಿಡುವು, ಹೀಗೆ 20 ಸುತ್ತು ಮೂರನೆಯದು. ಬೇಕೆನಿಸಿದಾಗ ಎತ್ತಿ, ಸಾಕೆನಿಸಿದಾಗ ಇಟ್ಟು, ಹತ್ತು ನಿಮಿಷದೊಳಗೆ ಹೇಗೋ 140 ಮುಗಿಸುವುದು ನಾಲ್ಕನೆಯದು. ನಾಲ್ಕರಲ್ಲೂ ಎತ್ತಿದ ಒಟ್ಟು ಭಾರ 2,240 ಕೆಜಿ. ಆದರೆ ಮೊದಲನೆಯದನ್ನು ಮುಗಿಸಿದವನ ಬೆರಳು ನೀರಿನ ಬಾಟಲಿಯ ಮುಚ್ಚಳ ತೆರೆಯಲೂ ಒಲ್ಲೆನ್ನುತ್ತದೆ, ಮೂರನೆಯದನ್ನು ಮುಗಿಸಿದವನಿಗೆ ಮಾತೇ ಹೊರಡುವುದಿಲ್ಲ.

ವ್ಯತ್ಯಾಸ ಇರುವುದು ಕೆಲಸದಲ್ಲಲ್ಲ, ಬಿಡುವಿನಲ್ಲಿ. ಬಿಡುವು ಎಲ್ಲಿ ಸಿಗುತ್ತದೆ, ಅದನ್ನು ಯಾರು ಕೊಡುತ್ತಾರೆ ಎನ್ನುವುದರ ಮೇಲೆ ಮೈಯಲ್ಲಿ ಬೆಳೆಯುವುದು ಏನೆಂಬುದು ನಿಂತಿದೆ. ಆಯ್ಕೆಯನ್ನೂ ಅಲ್ಲಿಂದಲೇ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಟೈಮರ್ ಏಕೆ ಬೇಕು

ಬಾರ್‌ಬೆಲ್ ಎತ್ತುವವರಿಗೆ ಒಂದು ಅನುಕೂಲವಿದೆ. ಈ ವಾರ 60 ಕೆಜಿ ಎತ್ತಿದರೆ ಮುಂದಿನ ವಾರ 62.5 ಎತ್ತಬಹುದು. ಕೆಟಲ್‌ಬೆಲ್‌ನಲ್ಲಿ ಆ ಸಣ್ಣ ಮೆಟ್ಟಿಲುಗಳಿಲ್ಲ. ಸಾಮಾನ್ಯವಾಗಿ ಸಿಗುವುದು 4 ಕೆಜಿ ಅಂತರದ ಬೆಲ್‌ಗಳು. 12ರಿಂದ 16ಕ್ಕೆ ಹೋದರೆ ಭಾರ ಮೂರನೇ ಒಂದು ಭಾಗ ಏರಿತು, 16ರಿಂದ 20ಕ್ಕೆ ಶೇ. 25, 20ರಿಂದ 24ಕ್ಕೆ ಶೇ. 20. ಹಗುರವಾದ ಬೆಲ್ ಎತ್ತುವವರಿಗೇ ಅತಿ ದೊಡ್ಡ ಜಿಗಿತ! ಆ ಎರಡು ಬೆಲ್‌ಗಳ ನಡುವಿನ ಖಾಲಿ ಜಾಗದಲ್ಲಿ ಮೆಟ್ಟಿಲು ಕಟ್ಟುವುದೇ ಸಮಯದ ಕೆಲಸ. ಅರ್ಧ ನಿಮಿಷ ಹೆಚ್ಚಿಸಬಹುದು, ನಿಮಿಷಕ್ಕೊಂದು ರೆಪ್ ಹೆಚ್ಚಿಸಬಹುದು, ಬಿಡುವು ಐದು ಸೆಕೆಂಡ್ ಕಡಿಮೆ ಮಾಡಬಹುದು. ಒಂದೇ ಬೆಲ್ ಇಟ್ಟುಕೊಂಡು ವರ್ಷಗಟ್ಟಲೆ ಮುಂದುವರಿಯುವವರ ಗುಟ್ಟು ಇಷ್ಟೇ.

ಯಾವುದರಿಂದ ಅಳೆಯೋಣ

ನಾನು ನೋಡುವುದು ಐದು ಸಂಗತಿ. ಮೊದಲು ಸೋಲುವುದು ಯಾವುದು: ಹಿಡಿತವೋ, ಉಸಿರೋ, ಸ್ನಾಯುವಿನ ಬಲವೋ? ದಣಿದಾಗ ವರಸೆ ಎಷ್ಟು ಬೇಗ ಕೆಡುತ್ತದೆ? ಮುಂದುವರಿದದ್ದು ಪುಸ್ತಕದಲ್ಲಿ ಬರೆದಿಡುವಷ್ಟು ಸ್ಪಷ್ಟವಾಗಿ ಕಾಣುತ್ತದೆಯೇ? ಮರುದಿನಕ್ಕೆ ಎಷ್ಟು ಆಯಾಸ ಉಳಿಸುತ್ತದೆ? ಕೊನೆಯದು ಖರ್ಚು: ಒಂದು ಬೆಲ್ ಸಾಕೋ, ಎರಡು ಬೇಕೋ, ಅದು ಎಂಥದ್ದಾಗಿರಬೇಕು?

‘ಎಷ್ಟು ಕ್ಯಾಲೊರಿ ಕರಗುತ್ತದೆ’ ಎಂಬುದು ಈ ಪಟ್ಟಿಯಲ್ಲಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಬಿಡದೆ ಆರು ತಿಂಗಳು ಮಾಡಿದ ಯಾವ ಕ್ರಮವಾದರೂ ಆರು ವಾರಕ್ಕೆ ಕೈಬಿಟ್ಟ ಕ್ರಮಕ್ಕಿಂತ ಹೆಚ್ಚು ಕರಗಿಸುತ್ತದೆ.

ಒಂದು: ಕೆಳಗಿಡದ ದೀರ್ಘ ಸೆಟ್

ಇದು ರಷ್ಯಾದ ಗಿರೆವೊಯ್ ಕ್ರೀಡೆಯಿಂದ ಬಂದದ್ದು. ಅಲ್ಲಿ ಕೆಟಲ್‌ಬೆಲ್‌ಗೆ ಗಿರ್ಯಾ ಎನ್ನುತ್ತಾರೆ. ಹಳೆಯ ತೂಕದ ಅಳತೆ ಪೂಡ್, ಅಂದರೆ 16.38 ಕೆಜಿ. ಇವತ್ತಿಗೂ 16, 24, 32 ಕೆಜಿ ಬೆಲ್‌ಗಳೇ ಮುಖ್ಯವಾಗಿರುವುದು ಅವು ಒಂದು, ಒಂದೂವರೆ, ಎರಡು ಪೂಡ್ ಆಗಿದ್ದರಿಂದ. ಸ್ಪರ್ಧೆಯ ಸೆಟ್ 10 ನಿಮಿಷದ್ದು. ನೆಲಕ್ಕೆ ಇಟ್ಟರೆ ಅಲ್ಲಿಗೆ ಮುಗಿಯಿತು. ಸ್ನ್ಯಾಚ್‌ನಲ್ಲಿ ಕೈ ಬದಲಿಸಲು ಒಂದೇ ಅವಕಾಶ.

ಇಲ್ಲಿ ಬಿಡುವು ಇಲ್ಲವೆಂದಲ್ಲ, ಅದು ಸೆಟ್‌ನ ಒಳಗೇ ಅಡಗಿದೆ. ನಿಮಿಷಕ್ಕೆ 14 ಎಂದರೆ ಒಂದು ರೆಪ್‌ಗೆ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ಸಿಗುತ್ತದೆ. ಬೆಲ್ ಬೀಳಿಸಿ ಮತ್ತೆ ಎತ್ತಲು ಸುಮಾರು ಎರಡು ಸೆಕೆಂಡ್ ಸಾಕು. ಮಿಕ್ಕ ಎರಡು ಸೆಕೆಂಡ್ ಬೆಲ್ ತಲೆಯ ಮೇಲಿರುತ್ತದೆ. ಮೊಣಕೈ ನೆಟ್ಟಗಾಗಿ ಭುಜ ಕೂತಿದ್ದರೆ ಭಾರವನ್ನು ಬಹುಪಾಲು ಎಲುಬುಗಳೇ ಹೊರುತ್ತವೆ, ಬೆರಳು ಸಡಿಲಬಿಡಬಹುದು, ಒಂದೆರಡು ಉಸಿರು ಎಳೆದುಕೊಳ್ಳಬಹುದು. ಜರ್ಕ್ (ಎದೆಯ ಮುಂದಿನಿಂದ ಕಾಲಿನ ಬಲದಲ್ಲಿ ತಲೆಯ ಮೇಲಕ್ಕೆ ತಳ್ಳುವುದು) ಮತ್ತು ಪ್ರತಿ ಸಲವೂ ಕ್ಲೀನ್, ಜರ್ಕ್ ಎರಡನ್ನೂ ಮಾಡುವ ಲಾಂಗ್ ಸೈಕಲ್‌ನಲ್ಲಿ ಈ ಬಿಡುವು ರ್‍ಯಾಕ್‌ನಲ್ಲಿ ಸಿಗುತ್ತದೆ, ಅಂದರೆ ಬೆಲ್ಲನ್ನು ಎದೆಯ ಮುಂದೆ ಹಿಡಿದು ಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಊರಿಕೊಂಡಾಗ. ಮೊಣಕೈ ಅಲ್ಲಿಗೆ ಮುಟ್ಟದ ಮೈಕಟ್ಟಿನವರೂ ಇದ್ದಾರೆ. ಅವರಿಗೆ ರ್‍ಯಾಕ್ ಎಂದರೆ ಬಿಡುವಲ್ಲ, ಶಿಕ್ಷೆ. ಅಂಥವರು ಸ್ನ್ಯಾಚ್ ಹಿಡಿಯುವುದೇ ಮೇಲು.

ಇಲ್ಲಿ ಮೊದಲು ಸೋಲುವುದು ಹಿಡಿತ. ಉಸಿರು ಇನ್ನೂ ಉಳಿದಿರುತ್ತದೆ, ಕಾಲೂ ಗಟ್ಟಿಯಾಗಿರುತ್ತದೆ, ಆದರೆ ಮುಂಗೈ ಕಲ್ಲಾಗಿ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದಲೇ ಈ ದಾರಿ ಕಲಿಸುವ ದೊಡ್ಡ ಪಾಠ ಸಡಿಲಿಕೆ. ಬೇಡದ ಕಡೆ ಬಿಗಿಹಿಡಿದವನು ನಾಲ್ಕನೇ ನಿಮಿಷದಲ್ಲೇ ಕೆಳಗಿಡುತ್ತಾನೆ. ನನ್ನ ಮೊದಲ ಹತ್ತು ನಿಮಿಷದ ಪ್ರಯತ್ನ 20 ಕೆಜಿಯಲ್ಲಿತ್ತು. ಅದು ಧೈರ್ಯವಲ್ಲ, ಜಂಬ. ಆರನೇ ನಿಮಿಷಕ್ಕೆ ಅಂಗೈಯ ಜಡ್ಡು ಕಿತ್ತು ಬಂತು, ಎರಡು ವಾರ ಬೆಲ್ ಮುಟ್ಟಲಾಗಲಿಲ್ಲ. 12 ಕೆಜಿಗೆ ಇಳಿದು ನಿಮಿಷಕ್ಕೆ 10ರಂತೆ ಶುರುಮಾಡಿದ ಮೇಲೆಯೇ ಹತ್ತು ನಿಮಿಷ ದಕ್ಕಿದ್ದು.

ಬೆಳೆಯುವ ಕ್ರಮ ಸರಳ: ಮೊದಲು ಸಮಯ, ಆಮೇಲೆ ಗತಿ, ಕಟ್ಟಕಡೆಗೆ ಭಾರ. ಹಗುರ ಬೆಲ್‌ನಲ್ಲಿ 4 ನಿಮಿಷ, ಪ್ರತಿ ನಿಮಿಷಕ್ಕೂ ಕೈ ಬದಲಿಸುತ್ತಾ. ಪ್ರತಿ ವಾರ ಅರ್ಧ ಅಥವಾ ಒಂದು ನಿಮಿಷ ಸೇರಿಸಿ. ಹತ್ತು ತಲುಪಿದ ಮೇಲೆ ಗತಿಯನ್ನು ನಿಮಿಷಕ್ಕೆ ಒಂದೊಂದೇ ರೆಪ್ ಏರಿಸಿ. 16-18ರ ಗತಿ ಆರಾಮಾಗಿ ಬಂದಾಗ ಮುಂದಿನ ಬೆಲ್ ಹಿಡಿದು ಮತ್ತೆ 10ರ ಗತಿಗೆ ಇಳಿಯಿರಿ. ಪುಸ್ತಕದಲ್ಲಿ ಬರೆಯಬೇಕಾದ್ದು ಮೂರೇ ಅಂಕಿ: ಭಾರ, ನಿಮಿಷ, ರೆಪ್. ಇಷ್ಟು ಶುದ್ಧವಾದ ಅಳತೆ ಉಳಿದ ಮೂರು ದಾರಿಗಳಲ್ಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ವೇಗದ ಸಿಡಿತ ಇಲ್ಲಿ ಬೆಳೆಯುವುದಿಲ್ಲ, ಏಕೆಂದರೆ ಎಲ್ಲವನ್ನೂ ಮಿತವಾಗಿ ಖರ್ಚುಮಾಡುವುದನ್ನೇ ಕಲಿಯುತ್ತೀರಿ. ಅಂಗೈ ಚರ್ಮವನ್ನು ಮಗುವಿನಂತೆ ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಎರಡು ಕೈಯ ಸ್ವಿಂಗ್‌ನಲ್ಲಿ ದೀರ್ಘ ಸೆಟ್ ಬೇಡ. ಅದರಲ್ಲಿ ನಿಂತು ಉಸಿರಾಡುವ ಜಾಗವೇ ಇಲ್ಲ, ಹಿಡಿತ ಹೋದ ಕೂಡಲೇ ಬೆನ್ನು ಬಾಗುತ್ತದೆ.

ಎರಡು: ನಿಮಿಷಕ್ಕೊಂದು ಸೆಟ್

ಟೈಮರ್‌ನಲ್ಲಿ ಹೊಸ ನಿಮಿಷ ಶುರುವಾದಾಗ ನಿಗದಿಯಾದಷ್ಟು ರೆಪ್ ಮುಗಿಸುವುದು, ಉಳಿದ ಸೆಕೆಂಡುಗಳೆಲ್ಲ ನಿಮ್ಮವು. ಇಎಂಒಎಂ (ಎವ್ರಿ ಮಿನಿಟ್ ಆನ್ ದ ಮಿನಿಟ್) ಎಂದು ಕರೆಯುವುದು ಇದನ್ನೇ. ಇಲ್ಲಿ ಬಿಡುವು ಎಂದರೆ ಸಂಪಾದನೆ: ಬೇಗ ಮುಗಿಸಿದಷ್ಟೂ ಹೆಚ್ಚು.

10 ಸ್ವಿಂಗ್‌ಗೆ ಸುಮಾರು 15 ಸೆಕೆಂಡ್ ಹಿಡಿಯುತ್ತದೆ, 45 ಸೆಕೆಂಡ್ ಉಳಿಯುತ್ತದೆ. ಈ ಲೆಕ್ಕದ ಹಿಂದೆ ದೇಹದ ಕಾರಣವೊಂದಿದೆ. ಸಿಡಿದೆತ್ತುವ ಕೆಲಸಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಬೇಕು. ಪೂರ್ತಿ ಬಲ ಹಾಕಿದರೆ ಅದು ಹತ್ತು ಸೆಕೆಂಡಿನ ಆಸುಪಾಸಿಗೇ ಬಹುಪಾಲು ತೀರುತ್ತದೆ. ಮುಕ್ಕಾಲು ನಿಮಿಷದ ಬಿಡುವಿನಲ್ಲಿ ಅದರ ದೊಡ್ಡ ಭಾಗ ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಹತ್ತನೇ ನಿಮಿಷದ ಸ್ವಿಂಗ್ ಕೂಡ ಮೊದಲನೆಯದರಷ್ಟೇ ಚುರುಕಾಗಿರಬಹುದು. ವರಸೆ ಕೆಡುವುದು ತಡ, ಹಿಡಿತ ಉಳಿಯುತ್ತದೆ, ಭಾರದ ಬೆಲ್ ಬಳಸಬಹುದು, ಮರುದಿನ ಮೈ ಹಣ್ಣಾಗಿರುವುದಿಲ್ಲ. ಮೊದಲ ಎಂಟು ವಾರಕ್ಕೆ ಹತ್ತರಲ್ಲಿ ಏಳೆಂಟು ಜನರಿಗೆ ನಾನು ಹೇಳುವುದು ಇದನ್ನೇ.

ಒಂದು ಮೋಸದ ತಿರುವಿದೆ. ದಣಿದಂತೆಲ್ಲ ರೆಪ್ ನಿಧಾನವಾಗುತ್ತದೆ. ನಿಧಾನವಾದಂತೆ ಬಿಡುವು ಕಡಿಮೆಯಾಗುತ್ತದೆ, ಬಿಡುವು ಕಡಿಮೆಯಾದಂತೆ ಇನ್ನಷ್ಟು ದಣಿವು. ಅಂದರೆ ಬಿಡುವು ಅತಿ ಅಗತ್ಯವಿರುವ ಹೊತ್ತಿಗೇ ಅದು ಜಾರಿಹೋಗುತ್ತದೆ. ಕೆಲಸ 35 ಸೆಕೆಂಡ್ ದಾಟಿತೆಂದರೆ ಇದು ಇಎಂಒಎಂ ಆಗಿ ಉಳಿದಿಲ್ಲ, ಅರೆಬರೆ ದೀರ್ಘ ಸೆಟ್ ಆಗಿದೆ. ಆಗ ರೆಪ್ ಇಳಿಸಬೇಕು, ಹಟ ಮಾಡಬಾರದು. ಏರಿಸುವಾಗಲೂ ಮೊದಲು ನಿಮಿಷ 10ರಿಂದ 20ಕ್ಕೆ, ಆಮೇಲೆ ರೆಪ್ 10ರಿಂದ 12, 15ಕ್ಕೆ, ಆಮೇಲಷ್ಟೇ ಭಾರ.

ಇದರ ಕೊರತೆ ಎಂದರೆ, ಒಂದು ಹಂತದ ನಂತರ ದೇಹ ಆ ಬಿಡುವಿಗೆ ಒಗ್ಗಿಹೋಗುತ್ತದೆ. ನಿಮಿಷಕ್ಕೆ ಹತ್ತು ಸ್ವಿಂಗ್ ಇಪ್ಪತ್ತು ನಿಮಿಷ ನಿರಾಯಾಸವಾಗಿ ಮಾಡುವವರೂ ಐದು ನಿಮಿಷ ಎಡೆಬಿಡದ ಸ್ನ್ಯಾಚ್‌ಗೆ ಕುಸಿಯುವುದನ್ನು ನೋಡಿದ್ದೇನೆ. ಒಂದರ ದಮ್ಮು ಇನ್ನೊಂದಕ್ಕೆ ಪೂರ್ತಿ ಸಲ್ಲುವುದಿಲ್ಲ.

ಮೂರು: ಸಮ ಪಾಲು, 15-15

ಇಲ್ಲಿ ಬಿಡುವನ್ನು ಕೊಡುವುದು ಗಡಿಯಾರ, ನಿಮ್ಮನ್ನು ಕೇಳುವುದೇ ಇಲ್ಲ. ಹದಿನೈದು ಸೆಕೆಂಡಿನಲ್ಲಿ ಉಸಿರು ಇಳಿಯುವಷ್ಟರಲ್ಲಿ ಮುಂದಿನ ಸುತ್ತು ಬಂದಿರುತ್ತದೆ. ಹೃದಯದ ಬಡಿತ ಕೆಳಗಿಳಿಯಲು ಪುರುಸೊತ್ತಿಲ್ಲ, ಆದರೆ ಬೆರಳಿಗೆ ಮಾತ್ರ ಪ್ರತಿ ಹದಿನೈದು ಸೆಕೆಂಡಿಗೆ ಒಮ್ಮೆ ಬಿಡುಗಡೆ. ಆದ್ದರಿಂದ ಹಿಡಿತ ಸೋಲುವ ಮುಂಚೆಯೇ ಉಸಿರಿನ ಮಿತಿ ಮುಟ್ಟುತ್ತೀರಿ. ಹೃದಯ, ಶ್ವಾಸಕೋಶಕ್ಕೇ ಕೆಲಸ ಕೊಡಬೇಕೆನ್ನುವವರಿಗೆ ಇದಕ್ಕಿಂತ ನೇರ ದಾರಿ ಇಲ್ಲ.

ಗತಿಯನ್ನು ಊಹೆಯ ಮೇಲೆ ಇಟ್ಟುಕೊಳ್ಳಬೇಡಿ. ಐದು ನಿಮಿಷದ ಒಂದು ಪರೀಕ್ಷೆ ಇದೆ: ಮೊದಲ ನಿಮಿಷ 10 ಸ್ನ್ಯಾಚ್, ಎರಡನೆಯದು 14, ಮೂರನೆಯದು 18, ನಾಲ್ಕನೆಯದು 22, ಐದನೇ ನಿಮಿಷ ಆದಷ್ಟೂ. ಪ್ರತಿ ನಿಮಿಷ ಕೈ ಬದಲಾಯಿಸಿ. ಕೊನೆಯ ನಿಮಿಷದ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿದರೆ 15 ಸೆಕೆಂಡಿಗೆ ನಿಮ್ಮ ರೆಪ್ ಸಿಗುತ್ತದೆ. 28 ಬಂದರೆ 7. ಗಂಡಸರು ಸಾಮಾನ್ಯವಾಗಿ 16, ಹೆಂಗಸರು 12 ಕೆಜಿ ಬಳಸುತ್ತಾರೆ. ಇದಕ್ಕಿಂತ ಭಾರದ ಬೆಲ್‌ನಿಂದ ಲಾಭವಿಲ್ಲ, ಗತಿ ಬೀಳುತ್ತದೆ ಅಷ್ಟೇ. ಆರಂಭಕ್ಕೆ 15-20 ಸುತ್ತು ಸಾಕು.

ಸ್ನ್ಯಾಚ್ ಇನ್ನೂ ನುಣುಪಾಗದವರು ಇದಕ್ಕೆ ಕೈಹಾಕಬಾರದು. ವೇಗದಲ್ಲಿ ತಪ್ಪು ದುಪ್ಪಟ್ಟಾಗುತ್ತದೆ, ಭುಜ ಅದರ ಲೆಕ್ಕ ಇಟ್ಟುಕೊಳ್ಳುತ್ತದೆ. ವಾರಕ್ಕೆ ಎರಡು ದಿನ ಮೀರಬೇಡಿ, ಮರುದಿನದ ಆಯಾಸ ನಾಲ್ಕರಲ್ಲಿ ಇದರದ್ದೇ ಹೆಚ್ಚು. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಬಾಗಿಲು ತಟ್ಟುವುದು ಬೇಡ.

ಇದರ ಪಕ್ಕದಲ್ಲೇ ತಬಾಟಾ ಹೆಸರು ಬರುತ್ತದೆ, 20 ಸೆಕೆಂಡ್ ಕೆಲಸ, 10 ಸೆಕೆಂಡ್ ಬಿಡುವು. ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ. ತೀವ್ರತೆ ಆಮ್ಲಜನಕ ಬಳಕೆಯ ಗರಿಷ್ಠ ಮಟ್ಟದ ಶೇ. 170ರಷ್ಟು, ಏಳೆಂಟು ಸುತ್ತಿಗೆ ಕಾಲು ಸೋಲುವಂತೆ. ಸೈಕಲ್‌ನಲ್ಲಿ ಕಾಲು ಸೋತರೆ ಪೆಡಲ್ ನಿಲ್ಲುತ್ತದೆ. ಕೈಯಲ್ಲಿ ಕಬ್ಬಿಣದ ಗುಂಡು ಇರುವಾಗ ಹಾಗೆ ಸೋಲಲಾಗದು. ಈ ಆಯ್ಕೆಯನ್ನು ಇಲ್ಲಿಗೇ ಕೈಬಿಡುತ್ತೇನೆ.

ನಾಲ್ಕು: ಡೆನ್ಸಿಟಿ ಬ್ಲಾಕ್

15 ನಿಮಿಷ ಟೈಮರ್ ಇಟ್ಟು, ಎರಡು ವ್ಯಾಯಾಮ ಆರಿಸಿಕೊಂಡು (ಒಂದು ದೂಡುವುದು, ಒಂದು ಎಳೆಯುವುದು; ಪ್ರೆಸ್ ಮತ್ತು ರೋ ಇರಲಿ), ಸೋಲುವ ಮುಂಚೆಯೇ ನಿಲ್ಲಿಸುತ್ತಾ ಆದಷ್ಟು ರೆಪ್ ಕೂಡಿಸುವುದು. ಬಿಡುವು ಪೂರ್ತಿ ನಿಮ್ಮ ಕೈಯಲ್ಲಿದೆ. ಮುಂದಿನ ಸಲ ಒಟ್ಟು ರೆಪ್ ಒಂದೆರಡಾದರೂ ಹೆಚ್ಚಿರಬೇಕು. ಶೇ. 20ರಷ್ಟು ಏರಿದ ಮೇಲೆ ಭಾರ ಹೆಚ್ಚಿಸುವುದು ರೂಢಿ.

ಬಲವೂ ಬೇಕು, ದಮ್ಮೂ ಬೇಕು ಎನ್ನುವವರಿಗೆ ಹೇಳಿ ಮಾಡಿಸಿದ್ದು. ಭುಜ, ಬೆನ್ನು ತುಂಬಿಕೊಳ್ಳುವುದೂ ಇದರಲ್ಲೇ ಹೆಚ್ಚು. ಆದರೆ ಮನಸ್ಸು ಕಳ್ಳಬೀಳುತ್ತದೆ. ನೀರು ಕುಡಿಯುವ ನೆಪ, ಫೋನ್ ನೋಡುವ ನೆಪ. ಬಿಡುವು ನಮ್ಮದೇ ಕೈಯಲ್ಲಿದ್ದಾಗ ಅದನ್ನು ದುಂದು ಮಾಡದವರು ಕಡಿಮೆ. ಶಿಸ್ತಿನ ಜನಕ್ಕೆ ಒಳ್ಳೆಯದು, ನನ್ನಂಥವರಿಗೆ ಅಲ್ಲ.

ಬೆಲ್ ಕೊಳ್ಳುವ ಮೊದಲು

ದಾರಿ ಆರಿಸಿದ ಮೇಲೆ ಬೆಲ್ ಕೊಳ್ಳಿ, ಬೆಲ್ ಕೊಂಡು ದಾರಿ ಹುಡುಕಬೇಡಿ. ಎರಕದ ಕಬ್ಬಿಣದ ಸಾದಾ ಬೆಲ್ ಅಗ್ಗ. ಭಾರ ಹೆಚ್ಚಿದಂತೆ ಅದರ ಗಾತ್ರವೂ ಹೆಚ್ಚುತ್ತದೆ, ಹಿಡಿಕೆ ಅಗಲವಿದ್ದು ಎರಡು ಕೈಗೂ ಜಾಗ ಸಿಗುತ್ತದೆ. ಸ್ವಿಂಗ್‌ನ ಇಎಂಒಎಂಗೆ ಅದೇ ಸರಿ. ಸ್ಪರ್ಧೆಯ ಬೆಲ್ ಉಕ್ಕಿನದು, 8 ಕೆಜಿ ಇರಲಿ 32 ಇರಲಿ ಒಂದೇ ಗಾತ್ರ. ಬಣ್ಣದಿಂದ ತೂಕ ಗುರುತಿಸುತ್ತಾರೆ: 16 ಹಳದಿ, 24 ಹಸಿರು, 32 ಕೆಂಪು. ಹಿಡಿಕೆಯ ದಪ್ಪ 33 ಅಥವಾ 35 ಮಿ.ಮೀ. ಭಾರ ಬದಲಾದರೂ ಮುಂಗೈ ಮೇಲೆ ಕೂರುವ ಜಾಗ ಬದಲಾಗದಿರುವುದರಿಂದ ದೀರ್ಘ ಸೆಟ್ ಮಾಡುವವರಿಗೆ ಈ ದುಬಾರಿ ಬೆಲ್ ವ್ಯರ್ಥವಲ್ಲ. ಉಳಿದವರಿಗೆ ಅದು ಶೋಕಿ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಒಂದೇ ಸಾದಾ ಬೆಲ್ ಮತ್ತು ಇಎಂಒಎಂ. ಇನ್ನೊಂದು ಕೊಳ್ಳುವ ಶಕ್ತಿ ಇದ್ದರೆ ಅದೇ ತೂಕದ ಜೋಡಿಗಿಂತ 8 ಕೆಜಿ ಹೆಚ್ಚಿನದನ್ನು ಕೊಳ್ಳಿ: ಹಗುರದ್ದು ಸ್ನ್ಯಾಚ್‌ಗೆ, ಭಾರದ್ದು ಸ್ವಿಂಗ್‌ಗೆ. ಜೋಡಿ ಬೇಕಾಗುವುದು ಎರಡು ಬೆಲ್‌ಗಳ ಲಾಂಗ್ ಸೈಕಲ್ ಮಾಡುವವರಿಗೆ, ಅಥವಾ ಡೆನ್ಸಿಟಿ ಬ್ಲಾಕ್‌ನಲ್ಲಿ ಭಾರ ಎತ್ತುವವರಿಗೆ. ಯಾವುದನ್ನೇ ಕೊಂಡರೂ ಹಿಡಿಕೆಯ ಒಳಬದಿಗೆ ಬೆರಳಾಡಿಸಿ ನೋಡಿ. ಎರಕದ ಅಂಚು ಉಬ್ಬಿದ್ದರೆ ನೂರನೇ ರೆಪ್‌ಗೆ ಅದು ಬ್ಲೇಡ್.

ನಿಮ್ಮದು ಯಾವುದು

ಭಾರ ಎತ್ತಬಲ್ಲಿರಿ ಆದರೆ ಎರಡು ಮಹಡಿ ಹತ್ತಿದರೆ ಏದುಸಿರು ಎನ್ನುವವರು ಇಎಂಒಎಂನಿಂದ ಶುರುಮಾಡಿ, ಮೂರನೇ ತಿಂಗಳಿಗೆ 15-15ಕ್ಕೆ ಬನ್ನಿ. ಓಟಗಾರರಿಗೆ ದಮ್ಮು ಈಗಾಗಲೇ ಇದೆ, ಅವರಿಗೆ ಇಲ್ಲದಿರುವುದು ದೇಹದ ಮೇಲ್ಭಾಗದಲ್ಲಿ ಭಾರ ಹೊರುವ ಬಲ. ಅವರು ಡೆನ್ಸಿಟಿ ಬ್ಲಾಕ್ ಅಥವಾ ಜರ್ಕ್‌ನ ದೀರ್ಘ ಸೆಟ್ ನೋಡಬಹುದು. ಕೈಕೆಲಸದವರು, ದಿನವಿಡೀ ಎತ್ತಿ ಇಳಿಸುವವರು, ಹಿಡಿತ ಬೇಗ ಸೋಲುತ್ತದೆ ಎನ್ನುವವರಿಗೆ ದೀರ್ಘ ಸೆಟ್. ಐವತ್ತು ದಾಟಿದವರಿಗೂ ಹಗುರ ಬೆಲ್‌ನ ದೀರ್ಘ ಸೆಟ್ಟನ್ನೇ ಹೇಳುತ್ತೇನೆ. ಕೇಳಲು ಭಯಂಕರವಾಗಿದ್ದರೂ ಒಂದೇ ಗತಿಯಲ್ಲಿ ಸಾಗುವುದರಿಂದ ಹೃದಯಕ್ಕೆ ದಿಢೀರ್ ಏರಿಳಿತ ಇರುವುದಿಲ್ಲ. ಒಂದೇ ವಾರದಲ್ಲಿ ನಾಲ್ಕನ್ನೂ ಬೆರೆಸಿದರೆ ಯಾವುದರಲ್ಲಿ ಮುಂದುವರಿದಿರಿ ಎಂಬುದೇ ತಿಳಿಯುವುದಿಲ್ಲ. ಒಂದನ್ನು ಆರರಿಂದ ಎಂಟು ವಾರ ಹಿಡಿಯಿರಿ.

ಇಷ್ಟು ಓದಿಯೂ ತೀರ್ಮಾನವಾಗದಿದ್ದರೆ ಒಂದು ದಿನ ಹೀಗೆ ಮಾಡಿ. ಸಲೀಸಾಗಿ 20 ಸಲ ಸ್ನ್ಯಾಚ್ ಮಾಡಬಲ್ಲ ಬೆಲ್ ಹಿಡಿದು, ನಿಮಿಷಕ್ಕೆ 12ರ ಗತಿಯಲ್ಲಿ, ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಾ, ವರಸೆ ಕೆಡುವ ತನಕ ಎತ್ತಿ. ಕೆಟ್ಟ ಮೊದಲ ರೆಪ್‌ಗೇ ಕೆಳಗಿಡಿ. ಆಮೇಲೆ ಒಂದು ವಾಕ್ಯ ಗಟ್ಟಿಯಾಗಿ ಹೇಳಿ. ಮಾತು ಸರಾಗವಾಗಿ ಬಂದು ಬೆರಳು ಮಡಚಲಾಗದಿದ್ದರೆ ನಿಮಗೆ ದೀರ್ಘ ಸೆಟ್. ಬೆರಳು ಸರಿಯಿದ್ದು ಮಾತು ತುಂಡಾದರೆ ಸ್ನ್ಯಾಚ್ ಪಳಗಿದವರಿಗೆ 15-15, ಉಳಿದವರಿಗೆ ಇಎಂಒಎಂ. ಎರಡೂ ಸರಿಯಿದ್ದು ಭುಜ ಮೇಲೇಳಲು ಒಲ್ಲೆ ಎಂದಿದ್ದರೆ ಡೆನ್ಸಿಟಿ ಬ್ಲಾಕ್. ಎಷ್ಟು ನಿಮಿಷಕ್ಕೆ ನಿಂತಿತು ಎಂದು ದಿನಾಂಕದ ಜೊತೆ ಬರೆದಿಡಿ, ಎಂಟು ವಾರದ ನಂತರ ಅದೇ ಬೆಲ್, ಅದೇ ಗತಿಯಲ್ಲಿ ಮತ್ತೆ ನೋಡಲು ಬೇಕಾಗುತ್ತದೆ.